ಮೊಬೈಲ್‌ಗಿಂತ ಮೊದಲೇ ಓಣಿ ಹೋಗಿತ್ತು: ನವನಗರದ ಒಂದು ಮನೆಯ ಪ್ರಕರಣ ಅಧ್ಯಯನ

ಬಾಗಲಕೋಟೆಯ ನವನಗರದಲ್ಲಿರುವ ಒಂದು ಮನೆಯ ಪ್ರಕರಣ ಇದು. ಮನೆಯಲ್ಲಿ ಆರು ಜನ. ಮುತ್ಯಾ (ಅಜ್ಜ), ಆಯಿ (ಅಜ್ಜಿ), ಲಾರಿ ಓಡಿಸುವ ಅಪ್ಪ, ಮನೆಯಲ್ಲೇ ಹೊಲಿಗೆ ಮಾಡುವ ಅವ್ವ, ಆಗ ಎಂಟನೇ ತರಗತಿಯಲ್ಲಿದ್ದ ಮಗಳು, ನಾಲ್ಕನೇ ತರಗತಿಯಲ್ಲಿದ್ದ ಮಗ. ಮಗ ನನ್ನ ತರಗತಿಯ ಹುಡುಗ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಯಾರದ್ದೂ ಹಾಕಿಲ್ಲ.

2025ರ ಹೊಸ ವರ್ಷದ ಹೊತ್ತಿಗೆ ಹುಡುಗನ ಅವ್ವ ಶಾಲೆಗೆ ಬಂದರು. ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಮೊಬೈಲ್ ಕಸಿದುಕೊಂಡಿದ್ದಕ್ಕೆ ಮಗ ತಾಟು ಎತ್ತಿ ಒಗೆದಿದ್ದ. ಅದು ಆಯಿಯ ಕೈಗೆ ಬಡಿದು ಬಾತಿತ್ತು. ಅವ್ವ ಅಳಲಿಲ್ಲ, ಮಗನನ್ನು ಬೈಯಲೂ ಇಲ್ಲ. ಒಂದೇ ಮಾತು ಕೇಳಿದರು.

"ಅಕ್ಕೋರ, ಹೊರಗ ಬಿಟ್ರ ಗಾಡಿ ಹೆದರಿಕಿ. ಒಳಗ ಕುಂದರಿಸಿದ್ರ ಮೊಬೈಲ್ ಬೇಕಂತಾನ. ನಾ ಮಷೀನ್ ಮ್ಯಾಲ ಕುಂತಾಗ ಇವನ್ನ ಏನ್ ಮಾಡ್ಲಿರಿ?"

ಶಾಲೆಯಲ್ಲಿ ನನಗೆ ಕಾಣುತ್ತಿದ್ದದ್ದು ಬೇರೆ. ಆಟದ ಬಿಡುವಿನಲ್ಲಿ ಅವನು ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. ಬೆಳಗಿನ ಮೊದಲ ಪೀರಿಯಡ್‌ನಲ್ಲಿ ತೂಕಡಿಸುತ್ತಿದ್ದ. ಬೋರ್ಡ್ ಓದಲು ಕಣ್ಣು ಕಿರಿದು ಮಾಡುತ್ತಿದ್ದ. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಮೆತ್ತಗೆ. ತಾಟು ಒಗೆಯುವ ಹುಡುಗ ಇವನೇನಾ ಅನ್ನಿಸಿತು.

ಮನೆಗೆ ಹೋದಾಗ ಪ್ರತಿಯೊಬ್ಬರ ಹತ್ತಿರವೂ ಒಂದು ಕಾರಣ ಸಿದ್ಧವಿತ್ತು. ಈಗಿನ ಹುಡುಗರೇ ಹೀಗೆ ಅಂದರು ಮುತ್ಯಾ. ಅವ್ವನ ಸಲಿಗೆ ಜಾಸ್ತಿ ಅಂದರು ಅಪ್ಪ. ಅವರು ತಾವೇ ಟ್ರಿಪ್ ಮುಗಿಸಿ ಬಂದು ರಾತ್ರಿ ಹನ್ನೆರಡರ ತನಕ ರೀಲ್ಸ್ ನೋಡುತ್ತಾರೆ ಅಂದರು ಅವ್ವ. ಯಾವುದೂ ಸುಳ್ಳಲ್ಲ. ಆದರೆ ಬೈಗುಳ ಯಾರ ಪಾಲಿಗೆ ಅಂತ ಹಂಚುವುದರಲ್ಲೇ ಮಾತು ಮುಗಿಯುತ್ತಿತ್ತು. ಹಾಗಾಗಿ ನಾನು ಬೇರೆ ಪ್ರಶ್ನೆ ಕೇಳಿದೆ. ನೀವು ಇವನ ವಯಸ್ಸಿನಲ್ಲಿದ್ದಾಗ ಸಂಜೆ ಎಲ್ಲಿರುತ್ತಿದ್ದಿರಿ, ಯಾರ ಜೊತೆ, ಏನು ಮಾಡುತ್ತಿದ್ದಿರಿ? ಪ್ರಕರಣ ತೆರೆದುಕೊಂಡದ್ದು ಇಲ್ಲಿಂದ.

ಮುತ್ಯಾ, ಆಯಿ

ಮುತ್ಯಾ ಹುಟ್ಟಿದ್ದು 1957ರ ಸುಮಾರಿಗೆ, ಹಳೇ ಬಾಗಲಕೋಟೆಯಲ್ಲಿ, ಘಟಪ್ರಭಾ ಹೊಳೆಗೆ ಹತ್ತಿರದ ಓಣಿಯಲ್ಲಿ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ಅವರಿಗೆ ಏಳು ವರ್ಷ. ಊರಿಗೆ ನೀರು ಬರುತ್ತದಂತೆ ಎಂದು ಹಿರಿಯರು ಕಟ್ಟೆಯ ಮೇಲೆ ಮಾತಾಡುತ್ತಿದ್ದರು. ಮಕ್ಕಳು ಕೆಳಗೆ ಚಿಣಿಫಣಿ (ಚಿನ್ನಿದಾಂಡು) ಆಡುತ್ತಿದ್ದರು.

ಯಾವ ಆಟ ಯಾವಾಗ ಎಂದು ಯಾರೂ ಹೇಳಿಕೊಡುತ್ತಿರಲಿಲ್ಲ, ಕಾಲವೇ ಹೇಳುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಉಸುಕಿನಲ್ಲಿ ಓಟ, ಮಡುವಿನಲ್ಲಿ ಈಜು. ಮಧ್ಯಾಹ್ನ ಬಿಸಿಲು ಸುಡುವಾಗ ಬೇವಿನ ಗಿಡದ ಕೆಳಗೆ ಕವಡಿ, ಹುಲಿಕಟ್ಟು. ಕವಡಿ ಇಲ್ಲದವರು ಹುಣಸೆಬೀಜ ಒಡೆದು, ಕಲ್ಲಿಗೆ ತಿಕ್ಕಿ ಅದನ್ನೇ ಕವಡಿ ಮಾಡಿಕೊಳ್ಳುತ್ತಿದ್ದರು. ಮುಂಗಾರು ಬಿದ್ದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣು ಕಲಸಿ ಎತ್ತು ಮಾಡಬೇಕು, ಕೋಡು ನಿಲ್ಲಬೇಕು, ಒಣಗಿದಾಗ ಬಿರಿಯಬಾರದು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣಿನಲ್ಲಿ ಗುಳ್ಳವ್ವ ದೇವಿಯನ್ನು ಮಾಡಿ, ಗುಲಗಂಜಿ ಒತ್ತಿ ಸಿಂಗಾರ ಮಾಡುತ್ತಿದ್ದರು. ಶ್ರಾವಣದಲ್ಲಿ ಪಂಚಮಿ ಜೋಕಾಲಿ, ಉಂಡಿ, ಪಂಥ ಕಟ್ಟಿ ನಿಂಬೆಹಣ್ಣು ಎಸೆಯುವುದು. ಸುಗ್ಗಿ ಮುಗಿದ ಮೇಲೆ ಬಗರಿ, ಗೋಟಿ, ಚಿಣಿಫಣಿ. ಕೊನೆಗೆ ಹೋಳಿ, ಹಲಗಿ.

"ನಮ್ಮ ಆಟಕ್ಕ ದುಡ್ಡ ಎಲ್ಲಿದ್ವು?" ಅಂದರು ಮುತ್ಯಾ. "ಜಾಲಿ ಟೊಂಗಿ ಕಡದ್ರ ಚಿಣಿ. ಜೋಳದ ದಂಟ ಸಿಕ್ರ ಬಂಡಿ. ಸೈಕಲ್ ಟೈರ್ ಸಿಕ್ರ ಆ ದಿನ ನಾವ ಸಾವ್ಕಾರ್ರು."

ಈ ಮಾತು ಕೇಳುವಾಗ ನಾನು ಬರೆದುಕೊಂಡದ್ದು ಆಟಗಳ ಹೆಸರನ್ನಷ್ಟೇ ಅಲ್ಲ. ಆಟದ ಅರ್ಧ ಹೊತ್ತು ಆಟಿಕೆ ಮಾಡುವುದರಲ್ಲೇ ಹೋಗುತ್ತಿತ್ತು. ಚಿಣಿಯ ಎರಡೂ ತುದಿ ಚೂಪಾಗದಿದ್ದರೆ ಅದು ಮೇಲೆ ಹಾರುವುದಿಲ್ಲ, ಅದನ್ನು ಕೆತ್ತಲು ಕಲಿಯಬೇಕು. ದೂರವನ್ನು ಫಣಿಯಿಂದಲೇ ಅಳೆಯಬೇಕು, ಅಳತೆಯಲ್ಲಿ ಜಗಳ ಬರುತ್ತದೆ, ಜಗಳವನ್ನು ಅಲ್ಲೇ ತೀರಿಸಿಕೊಳ್ಳಬೇಕು. ಹದಿನಾಲ್ಕರ ಹುಡುಗನೂ ಐದರ ಹುಡುಗನೂ ಒಂದೇ ಆಟದಲ್ಲಿ ಇರುತ್ತಿದ್ದರು. ಸಣ್ಣವರು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಔಟ್ ಆದರೂ ಔಟ್ ಇಲ್ಲ. ಸುಮ್ನೆ ಹಿಂದೆ ಓಡಾಡಿಕೊಂಡು, ಚೆಂಡು ಹೆಕ್ಕಿ ಕೊಡುತ್ತಾ, ನೋಡಿ ನೋಡಿಯೇ ಆಟ ಕಲಿಯುತ್ತಿದ್ದರು. ದೊಡ್ಡವರು ಯಾರೂ ಆಡಿಸಲು ಬರುತ್ತಿರಲಿಲ್ಲ. ಆದರೆ ಕಟ್ಟೆಯ ಮೇಲೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು.

ಅದನ್ನು ಬಂಗಾರದ ಕಾಲ ಎಂದು ಬರೆಯಲು ನನಗೆ ಮನಸ್ಸಿಲ್ಲ. ಓಣಿಯ ಒಬ್ಬ ಹುಡುಗ ಮಡುವಿನಲ್ಲಿ ಮುಳುಗಿ ಹೋದ. ಇನ್ನೊಬ್ಬನ ಕಣ್ಣಿಗೆ ಚಿಣಿ ಬಡಿದು ದೃಷ್ಟಿ ಹೋಯಿತು. ಎಲ್ಲರೂ ಕೂಡಿ ಆಡುತ್ತಿದ್ದಿರಾ ಎಂದು ಕೇಳಿದಾಗ ಮುತ್ಯಾ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಆ ಕಡಿ ಓಣಿ ಹುಡುಗ್ರನ್ನ ನಮ್ಮ ಕೂಡ ಆಡಗೊಡ್ತಿರಲಿಲ್ಲ. ಹೋಳಿ ಹಲಗಿ ಮಾತ್ರ ಅವರ ಕಡಿಂದನ ಬರ್ತಿತ್ತು." ಜಾತಿಯ ಗೆರೆ ಆಟದಲ್ಲೂ ಇತ್ತು. ಇವತ್ತು ನನ್ನ ತರಗತಿಯಲ್ಲಿ ಎಲ್ಲ ಮಕ್ಕಳೂ ಒಂದೇ ತಂಡದಲ್ಲಿ ಖೋಖೋ ಆಡುತ್ತಾರೆ. ಆ ಒಂದು ವಿಷಯದಲ್ಲಿ ಹಳೆಯ ಓಣಿ ಮರಳಿ ಬರುವುದು ಬೇಡ.

ಆಯಿಯ ಮಾತು ಇನ್ನೂ ಚಿಕ್ಕದು. "ನಂದು ಆಟ ಎಲ್ಲಿತ್ತವ್ವ? ತಮ್ಮನ್ನ ಬಗಲಾಗ ಎತ್ಗೊಂಡ ಕುಂಟಾಟ ಆಡೇನಿ. ಮುಂದ ಲಗ್ನಾತು." ಪಂಚಮಿಗೆ ತವರಿಗೆ ಬಂದಾಗ ಜೋಕಾಲಿ ಜೀಕುವುದೊಂದೇ ಅವರಿಗೆ ಉಳಿದ ಆಟವಾಗಿತ್ತು.

ಅಪ್ಪ

ಅಪ್ಪ ಹುಟ್ಟಿದ್ದು 1986ರಲ್ಲಿ. ಮರುವರ್ಷ, 1987ರ ಜನವರಿಯಲ್ಲಿ, ದೂರದರ್ಶನದಲ್ಲಿ ರಾಮಾಯಣ ಶುರುವಾಯಿತು. ಓಣಿಯಲ್ಲಿ ಟಿವಿ ಇದ್ದ ಒಂದು ಮನೆಗೆ ಭಾನುವಾರ ಬೆಳಗ್ಗೆ ಎಲ್ಲರೂ ಹೋಗುತ್ತಿದ್ದರು. ಕೂಸಾಗಿದ್ದ ಅಪ್ಪನನ್ನು ತೊಡೆಯ ಮೇಲೆ ಹಾಕಿಕೊಂಡು ಆಯಿ ನೋಡಿದ್ದಾರೆ. ಅಂದರೆ ಈ ಮನೆಗೆ ಪರದೆ ಬಂದದ್ದು ಮೊಬೈಲ್‌ನಿಂದ ಅಲ್ಲ, ಬಹಳ ಮೊದಲು. ಆದರೆ ಅದು ಓಣಿಯ ಪರದೆ. ಅರ್ಧ ತಾಸಿನಲ್ಲೋ ಮುಕ್ಕಾಲು ತಾಸಿನಲ್ಲೋ ಮುಗಿಯುತ್ತಿತ್ತು, ಕರೆಂಟ್ ಹೋದರೆ ಇನ್ನೂ ಬೇಗ. ಮುಗಿದ ಕೂಡಲೇ ಮಕ್ಕಳು ಬಿದಿರಿನ ಬಿಲ್ಲು ಮಾಡಿಕೊಂಡು ಹೊರಗೆ ಓಡುತ್ತಿದ್ದರು. ನೋಡಿದ್ದೇ ಆಟವಾಗುತ್ತಿತ್ತು.

ದೊಡ್ಡ ಬದಲಾವಣೆ ಬಂದದ್ದು ಆಲಮಟ್ಟಿ ಹಿನ್ನೀರಿನ ಮುಳುಗಡೆಯಿಂದ. 1997ರಲ್ಲಿ ವಿಜಯಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು. ಆ ಹೊತ್ತಿಗೇ ಈ ಕುಟುಂಬ ಪರಿಹಾರ ತಗೊಂಡು, ಮುಳುಗಡೆಯಾದವರಿಗೆಂದು ಕಟ್ಟಿದ ನವನಗರಕ್ಕೆ ಬಂತು. ಹಳೇ ಓಣಿಯ ಮನೆಗಳು ಬೇರೆ ಬೇರೆ ಸೆಕ್ಟರ್‌ಗೆ ಹಂಚಿಹೋದವು. ಪಕ್ಕದ ಮನೆಯ ಗೆಳೆಯ ಈಗ ಸೈಕಲ್ ತುಳಿದು ಹೋಗಬೇಕಾದ ದೂರದಲ್ಲಿದ್ದ. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಆಲಮಟ್ಟಿ ಅಣೆಕಟ್ಟನ್ನು ನಾಡಿಗೆ ಒಪ್ಪಿಸಿದರು. 519.60 ಮೀಟರ್‌ವರೆಗೆ ನೀರು ನಿಲ್ಲಿಸಿದಾಗ ಮುತ್ಯಾ ಈಜು ಕಲಿತ ಮಡು, ಉಸುಕಿನ ದಂಡೆ ಎಲ್ಲವೂ ಹಿನ್ನೀರಿನ ಕೆಳಗೆ ಹೋದವು.

ಹೊಸ ಊರಿನಲ್ಲಿ ಆಟಕ್ಕೆ ಜಾಗ ಮಾತ್ರ ಬೇಕಾದಷ್ಟಿತ್ತು. ಅರ್ಧಕ್ಕರ್ಧ ಪ್ಲಾಟ್ ಖಾಲಿ, ನಡುವೆ ಜಾಲಿ. ರಸ್ತೆ ಅಗಲ, ಗಾಡಿ ಕಡಿಮೆ. ಹುಡುಗರು ಜಾಲಿ ಕಡಿದು ಪಿಚ್ ಮಾಡಿಕೊಂಡರು. ಆದರೆ ಚಿಣಿಫಣಿ ಅವರ ಜೊತೆ ಬರಲಿಲ್ಲ. ಯಾಕೆ ಎಂದು ಅಪ್ಪನನ್ನೇ ಕೇಳಿದೆ. ಅವರು ಕೊಟ್ಟ ಉತ್ತರ ಈ ಇಡೀ ಅಧ್ಯಯನದಲ್ಲಿ ನನಗೆ ಬಹಳ ಕಲಿಸಿದ ಉತ್ತರ. ಒಂದೊಂದು ಊರಿನ ಚಿಣಿಫಣಿಗೆ ಒಂದೊಂದು ನಿಯಮ ಇತ್ತು. ಮುಳುಗಡೆಯಾದ ಬೇರೆ ಬೇರೆ ಊರು, ಬೇರೆ ಬೇರೆ ಓಣಿಯಿಂದ ಬಂದ ಹುಡುಗರಿಗೆ ಲೆಕ್ಕವೇ ಹೊಂದುತ್ತಿರಲಿಲ್ಲ. ಕ್ರಿಕೆಟ್ ಆದರೆ ಎಲ್ಲರೂ ಟಿವಿಯಲ್ಲಿ ನೋಡಿದ್ದರು. 1996ರ ವಿಶ್ವಕಪ್ ನೋಡಿದವರಿಗೆ ಎಲ್‌ಬಿಡಬ್ಲ್ಯು ಯಾವುದು, ನೋಬಾಲ್ ಯಾವುದು ಎಂದು ಹೇಳಿಕೊಡಬೇಕಾಗಿರಲಿಲ್ಲ. ಗುರುತಿಲ್ಲದ ಹುಡುಗರನ್ನು ಕೂಡಿಸಿದ್ದು ಪರದೆಯೇ.

ಪೇಟೆಯಲ್ಲಿ ತಾಸಿಗೆ ಇಷ್ಟು ಅಂತ ದುಡ್ಡು ಕೊಟ್ಟು ವಿಡಿಯೋ ಗೇಮ್ ಆಡುವ ಅಂಗಡಿಯೂ ಇತ್ತು. ಒಬ್ಬ ಆಡುತ್ತಿದ್ದರೆ ಹಿಂದೆ ನಾಲ್ಕು ಜನ ಸರದಿಗಾಗಿ ನಿಂತು ಕೂಗುತ್ತಿದ್ದರು. ದುಡ್ಡು ತೀರಿದರೆ ಆಟ ತೀರಿತು.

ಅಪ್ಪನ ಕಾಲದಲ್ಲಿ ಆಟ ಕಳೆದುಕೊಂಡದ್ದು ಹೊಳೆ, ಹಬ್ಬದ ಸಾಲು, ಕೈಯಾರೆ ಮಾಡುವ ಆಟಿಕೆ. ಉಳಿದದ್ದು ಜಾಗ, ಜೊತೆಗಾರರು, ಯಾರೂ ಕೇಳದ ಬಿಡುವು. ಮಗನ ಕಾಲಕ್ಕೆ ಇವೂ ಹೋದವು.

ಹುಡುಗ

ಹುಡುಗ ಹುಟ್ಟಿದ್ದು 2015ರ ಜನವರಿಯಲ್ಲಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾಗಿ ಡೇಟಾ ಪುಕ್ಕಟೆ ಸಿಕ್ಕಾಗ ಅವನಿಗೆ ಒಂದೂವರೆ ವರ್ಷ. ಉಣ್ಣಿಸುವಾಗ ಹಾಡು ಹಚ್ಚಿ ಕೊಡುವುದು ಆಗಲೇ ಶುರುವಾಯಿತು. ಬಾಯಿ ತೆರೆಯುತ್ತಿದ್ದ, ತುತ್ತು ಹೋಗುತ್ತಿತ್ತು. ಹೊಲಿಗೆಗೆ ಬ್ಲೌಸ್ ಕೊಟ್ಟವರು ಬಾಗಿಲಲ್ಲಿ ನಿಂತಿರುವಾಗ ಅವ್ವನಿಗೆ ಅದು ದೊಡ್ಡ ಸಹಾಯ. ಇದಕ್ಕಾಗಿ ಅವರನ್ನು ದೂರುವವರು ಒಂದು ದಿನ ಅವರ ಮಷೀನ್ ಮುಂದೆ ಕೂರಬೇಕು ಅಂತ ನನಗೆ ಅನ್ನಿಸುತ್ತದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಅವನಿಗೆ ಐದು ವರ್ಷ. ಅಂಗನವಾಡಿ ಬಂದ್ ಆಯಿತು. ಒಂದನೇ ತರಗತಿ ಶುರುವಾದದ್ದೇ ಮೊಬೈಲ್‌ನಲ್ಲಿ. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಲ್ಲಿಯ ತನಕ ಶಾಲೆ, ಆಟ, ಗೆಳೆಯ, ಊಟ ಎಲ್ಲವೂ ಒಂದೇ ಪರದೆಯಲ್ಲಿ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಐದರಿಂದ ಏಳರ ವಯಸ್ಸು ಅಂದರೆ ದೊಡ್ಡ ಮಕ್ಕಳ ಹಿಂದೆ ಓಡಾಡಿ ಆಟ ಕಲಿಯುವ ವಯಸ್ಸು. ಲೆಕ್ಕಕ್ಕಿಲ್ಲದ ಆಟಗಾರನಾಗಿ ಇರುವ ಕಾಲ. ಸೋತರೂ ಸೋಲಲ್ಲ ಅನ್ನುವ ರಿಯಾಯಿತಿ ಸಿಗುವುದು ಆ ಎರಡು ಮೂರು ವರ್ಷ ಮಾತ್ರ. ಈ ಹುಡುಗನಿಗೆ ಅದು ಸಿಗಲೇ ಇಲ್ಲ. ಅವನು ನೇರವಾಗಿ ಆಟದ ಬಯಲಿಗೆ ಬಂದಾಗ ಅವನ ಜೊತೆಯವರು ಲೆಕ್ಕಕ್ಕೆ ಇದ್ದರು, ಅವನೂ ಲೆಕ್ಕಕ್ಕೆ ಬಂದ. ಔಟ್ ಎಂದರೆ ಅತ್ತ. ಟೂ ಬಿಟ್ಟರೆ ಮತ್ತೆ ಹೇಗೆ ಸೇರಬೇಕು ಗೊತ್ತಾಗಲಿಲ್ಲ. ಉಳಿದವರು ಕರೆಯುವುದು ಬಿಟ್ಟರು. ಗೋಡೆಗೆ ಬೆನ್ನು ಕೊಟ್ಟು ಕೂತದ್ದು ಹೀಗೆ.

ಮೊಬೈಲ್‌ನಲ್ಲಿ ಅವನು ಏನು ಮಾಡುತ್ತಾನೆ ಎಂದು ಪಕ್ಕದಲ್ಲಿ ಕೂತು ನೋಡಿದೆ. ಗೇಮ್ ಆಡುವುದು ನಾನು ಅಂದುಕೊಂಡದ್ದಕ್ಕಿಂತ ಕಡಿಮೆ. ಜಾಸ್ತಿ ಹೊತ್ತು ಬೇರೆಯವರು ಗೇಮ್ ಆಡುವ ವಿಡಿಯೋ ನೋಡುತ್ತಾನೆ. ಆಡುವವನು ಜೋರಾಗಿ ಮಾತಾಡುತ್ತಾ, ನಗುತ್ತಾ, ಬೈಯುತ್ತಾ ಆಡುತ್ತಾನೆ. ಅದು ಯಾಕೆ ಇಷ್ಟ ಅಂತ ಕೇಳಿದೆ. "ಅಣ್ಣಾ ಚೊಲೋ ಮಾತಾಡ್ತಾನ್ರಿ ಟೀಚರ್" ಅಂದ. ಅವನಿಗೆ ಬೇಕಾಗಿದ್ದದ್ದು ಹಿಂದೆ ನಿಂತು ನೋಡಲು ಒಬ್ಬ ದೊಡ್ಡ ಹುಡುಗ. ಓಣಿಯಲ್ಲಿ ಸಿಗದವನು ಪರದೆಯಲ್ಲಿ ಸಿಕ್ಕಿದ್ದ. ಆದರೆ ಆ ಅಣ್ಣ ಇವನನ್ನು ಒಮ್ಮೆಯೂ ಆಟಕ್ಕೆ ಕರೆಯುವುದಿಲ್ಲ. ಒಂದು ವಿಡಿಯೋ ಮುಗಿದ ಕೂಡಲೇ ಇನ್ನೊಂದು ತಾನೇ ಶುರುವಾಗುತ್ತದೆ. ಮುತ್ಯಾನಿಗೆ ಕತ್ತಲೆ, ಅಪ್ಪನಿಗೆ ಕರೆಂಟ್ ಹೇಳುತ್ತಿದ್ದ "ಸಾಕು" ಇಲ್ಲಿ ಯಾರೂ ಹೇಳುವುದಿಲ್ಲ.

ಮೊದಲು ಮಾಡಿದ್ದು

ನಾನು ಹೋಗುವ ಮೊದಲೇ ಮನೆಯವರು ಪ್ರಯತ್ನಪಟ್ಟಿದ್ದರು. ಮೊಬೈಲ್ ಬಚ್ಚಿಟ್ಟರು, ಹುಡುಕಿದ. ಲಾಕ್ ಹಾಕಿದರು, ಬೆರಳು ಓಡುವುದನ್ನು ನೋಡಿ ಪ್ಯಾಟರ್ನ್ ಕಲಿತ. ಬೇಸಿಗೆ ರಜೆಯಲ್ಲಿ ದುಡ್ಡು ಕಟ್ಟಿ ಕ್ರಿಕೆಟ್ ಕೋಚಿಂಗ್‌ಗೆ ಹಾಕಿದರು. ಅಲ್ಲಿ ಸೀಟಿ ಊದಿದಾಗ ಓಡಬೇಕು, ಊದಿದಾಗ ನಿಲ್ಲಬೇಕು. ಇವನನ್ನು ದೂರದಲ್ಲಿ ಫೀಲ್ಡಿಂಗ್‌ಗೆ ನಿಲ್ಲಿಸಿದರು. ವಾರ ಕಳೆಯುವುದರೊಳಗೆ ಹೊಟ್ಟೆನೋವು ಅಂದ. ಕೋಚಿಂಗ್‌ನಿಂದ ಆಟಗಾರ ತಯಾರಾಗಬಹುದು. ಗೆಳೆಯರು ಸಿಗುವುದು ಬೇರೆ ದಾರಿಯಿಂದ.

ಕಣ್ಣು ಪರೀಕ್ಷೆ ಮಾಡಿಸಿದಾಗ ಮೈನಸ್ ನಂಬರ್ ಬಂತು. ದೂರದ್ದು ಮಸುಕು. ಕಣ್ಣಿನ ಡಾಕ್ಟರ್ ಕನ್ನಡಕದ ಜೊತೆ ಇನ್ನೊಂದು ಮಾತು ಹೇಳಿದರು: ದಿನಾ ಹಗಲಿನ ಬೆಳಕಿನಲ್ಲಿ ಹೊರಗಿರಲಿ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಈ ತೊಂದರೆ ಶುರುವಾಗುವುದು ಕಡಿಮೆ ಎಂಬುದು ಈಗ ವೈದ್ಯರು ಒಪ್ಪಿರುವ ಮಾತು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2021ರಲ್ಲಿ ಕೊಟ್ಟ ಸಲಹೆಯಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಎರಡರಿಂದ ಐದರ ತನಕ ದಿನಕ್ಕೆ 1 ಗಂಟೆ ಮೀರಬಾರದು, ಐದರಿಂದ ಹತ್ತರ ತನಕ 2 ಗಂಟೆಗಿಂತ ಕಡಿಮೆ ಇರಬೇಕು ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಐದರಿಂದ ಹದಿನೇಳರ ಮಕ್ಕಳಿಗೆ ದಿನಕ್ಕೆ ಕನಿಷ್ಠ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಎನ್ನುತ್ತದೆ. ಅವ್ವನಿಗೆ ಇದನ್ನು ಹೇಳಿದೆ. ಅವರು ತಲೆಯಾಡಿಸಿ, "ಆ ಅರವತ್ತ ನಿಮಿಷ ಯಾರ ಕೂಡ ಆಡ್ಬೇಕ್ರಿ?" ಅಂದರು. ಸರಿಯಾದ ಪ್ರಶ್ನೆ.

ಗೋಡೆಯ ಕ್ಯಾಲೆಂಡರ್

ಸದ್ಯ ಮೊಬೈಲ್ ಕಸಿಯುವುದು ಬೇಡ, ನೋಡೋಣ ಎಂದು ಅವ್ವನಿಗೆ ಹೇಳಿದೆ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್‌ನಲ್ಲಿ ದಿನಾ ಸಂಜೆ ಎರಡೇ ಗುರುತು ಹಾಕಬೇಕು. ಮೊಬೈಲ್‌ಗಾಗಿ ಹಟ ಮಾಡಿದನಾ? ಹೊರಗೆ ಯಾರಾದರೂ ಮಕ್ಕಳಿದ್ದರಾ? ಅಷ್ಟೇ. ಅವರು ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯುತ್ತಾ ಹೋದರು.

ಜನವರಿಯಲ್ಲಿ ಬನಶಂಕರಿ ಜಾತ್ರೆಗೆಂದು ಗುಳೇದಗುಡ್ಡದಿಂದ ಮಾಮಾನ ಮಕ್ಕಳು ಬಂದರು. ಆ ದಿನಗಳಲ್ಲಿ ಹಟದ ಗುರುತು ಒಂದೂ ಇಲ್ಲ. ಅವರು ಹೋದ ಮರುದಿನದಿಂದ ಮತ್ತೆ ಸಾಲಾಗಿ ಗುರುತು.

ಮಾರ್ಚ್‌ನಲ್ಲಿ ಹೋಳಿ ಬಂತು. ಬಾಗಲಕೋಟೆಯ ಹೋಳಿ ಒಂದು ದಿನಕ್ಕೆ ಮುಗಿಯುವುದಿಲ್ಲ. ಬಣ್ಣಕ್ಕೆ ಮುಂಚೆಯೇ ಹಲಗಿ ಮಜಲು ಶುರುವಾಗುತ್ತದೆ, ಕಿಲ್ಲಾ ಓಣಿಯಿಂದ ನವನಗರದ ತನಕ ರಾತ್ರಿಯೆಲ್ಲ ಹಲಗಿ ಕೇಳುತ್ತದೆ. ಬ್ಯಾರಲ್‌ನಲ್ಲಿ ಬಣ್ಣ ತುಂಬಿಕೊಂಡು ಬಂಡಿ, ಟ್ರ್ಯಾಕ್ಟರ್ ಓಣಿ ಓಣಿ ಸುತ್ತುತ್ತವೆ. ಹುಡುಗರು ಕಾಮಣ್ಣನಿಗೆ ಕಟ್ಟಿಗೆ, ಕುಳ್ಳು ಕದಿಯುತ್ತಾರೆ. ಈ ಹುಡುಗ ಯಾರದೋ ಹಲಗಿ ಇಸಿದುಕೊಂಡು ಬೆರಳು ಬಾಯುವ ತನಕ ಬಡಿದ. ರಾತ್ರಿ ಉಂಡು ಕೂತಲ್ಲೇ ಮಲಗಿದ. ಮೊಬೈಲ್ ಚಾರ್ಜಿಗೆ ಇಟ್ಟಲ್ಲೇ ಇತ್ತು.

ಅವ್ವ ಕ್ಯಾಲೆಂಡರ್ ಹಾಳೆಗಳನ್ನು ತಂದು ನನ್ನ ಮುಂದೆ ಇಟ್ಟರು. "ಮಂದಿ ಇದ್ದಾಗ ಬೇಡಂಗಿಲ್ಲ ನೋಡ್ರಿ" ಅಂದರು. ಮೊಬೈಲ್ ಚಟ ಅಂತ ನಾವು ಹೆಸರಿಟ್ಟಿದ್ದರಲ್ಲಿ ದೊಡ್ಡ ಪಾಲು ಒಂಟಿತನ. ಎಲ್ಲ ಮಕ್ಕಳಲ್ಲೂ ಹೀಗೇ ಅಂತ ಹೇಳಲು ಬರುವುದಿಲ್ಲ. ಜೊತೆಗಾರರು ಬಂದರೂ ಮೊಬೈಲ್ ಬಿಡದ, ಊಟ ನಿದ್ದೆ ಬಿಟ್ಟ ಮಕ್ಕಳಿಗೆ ವೈದ್ಯರ ಸಹಾಯ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಎಂಬ ಕ್ಲಿನಿಕ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಫೋನ್ ಮಾಡಿ ಮಾತಾಡಬಹುದು. ಈ ಹುಡುಗನಿಗೆ ಮಾತ್ರ ಬೇಕಾಗಿದ್ದದ್ದು ಓಣಿ.

ಸಂಜೆ ಐದೂವರೆ

ಆ ಸಾಲಿನ ಮನೆಗಳಲ್ಲಿ ಮಕ್ಕಳು ಇಲ್ಲದೆ ಇರಲಿಲ್ಲ. ಪ್ರತಿ ಮನೆಯಲ್ಲೂ ಒಂದು ಎರಡು ಮಕ್ಕಳು, ಒಬ್ಬೊಬ್ಬರು ಒಂದೊಂದು ಶಾಲೆಗೆ, ಒಬ್ಬೊಬ್ಬರ ಟ್ಯೂಷನ್ ಒಂದೊಂದು ಹೊತ್ತಿಗೆ. ಒಬ್ಬ ಹೊರಗೆ ಬಂದಾಗ ಇನ್ನೊಬ್ಬ ಒಳಗೆ. ಯಾರೂ ಕಾಣುವುದಿಲ್ಲ ಎಂದು ಬಂದವನೂ ಒಳಗೆ ಹೋಗುತ್ತಾನೆ. ಅವ್ವ ಬ್ಲೌಸ್ ಕೊಡಲು ಹೋದ ಮನೆಗಳಲ್ಲೆಲ್ಲ ಮಾತಾಡಿದರು. ಐದೂವರೆಯಿಂದ ಏಳು, ಆ ಹೊತ್ತು ಎಲ್ಲರೂ ಬಿಡೋಣ. ಒಬ್ಬರು ಟ್ಯೂಷನ್ ಹೊತ್ತು ಬದಲಿಸಿದರು. ಒಬ್ಬರು ಒಪ್ಪಲಿಲ್ಲ, ಅವರ ಮಗ ಗೇಟಿನ ಒಳಗಿಂದ ನೋಡುತ್ತಾನೆ.

ಗಾಡಿಯದ್ದೇ ದೊಡ್ಡ ಚಿಂತೆ. ಮುತ್ಯಾ ತಿರುವಿನಲ್ಲಿ ಎರಡು ಬೈಕ್ ಅಡ್ಡ ನಿಲ್ಲಿಸಿ, ಪಕ್ಕದ ಕಟ್ಟೆಯ ಮೇಲೆ ಕೂರುವ ಕೆಲಸ ವಹಿಸಿಕೊಂಡರು. ಯಾರಾದರೂ ಹಾರ್ನ್ ಮಾಡಿದರೆ "ತಮ್ಮಾ, ಹಂಗ ಸುತ್ತಿ ಹೋಗಪಾ, ಹುಡುಗ್ರು ಆಡಾಕತ್ತಾವ" ಅನ್ನುತ್ತಾರೆ. ಹೆಚ್ಚಿನವರು ಸುತ್ತಿ ಹೋಗುತ್ತಾರೆ.

ಮುತ್ಯಾನಿಗೆ ಚಿಣಿಫಣಿ ಕಲಿಸುವ ಆಸೆ ಬಹಳ ಇತ್ತು. ಕೆತ್ತಿಯೂ ಕೊಟ್ಟರು. ಎರಡೂ ಕಡೆ ಗಾಜಿನ ಕಿಟಕಿ ಇರುವ ರಸ್ತೆಯಲ್ಲಿ ಅದು ಆಗದ ಮಾತು. ಮಕ್ಕಳು ಹಿಡಿದುಕೊಂಡದ್ದು ಲಗೋರಿ. ಟೈಲ್ಸ್ ಚೂರು ಪೇರಿಸಿ, ಸ್ಪಂಜಿನ ಚೆಂಡು ಹೊಡೆಯುವುದು. ಕೆಲವೇ ದಿನಗಳಲ್ಲಿ ಅದಕ್ಕೆ ತಮ್ಮದೇ ನಿಯಮ ಸೇರಿಸಿದರು. ಪ್ರತಿಯೊಬ್ಬರಿಗೆ ಮೂರು ಲೈಫ್. ಲೈಫ್ ತೀರಿದವನು ಕೂರಬೇಕು, ಅವನ ತಂಡದವನು ಬಂದು ಮುಟ್ಟಿದರೆ ಮತ್ತೆ ಏಳಬಹುದು. ಮೊಬೈಲ್ ಗೇಮ್‌ನಿಂದ ಎತ್ತಿ ತಂದ ನಿಯಮ. ಅಪ್ಪನ ಕಾಲದಲ್ಲಿ ಬಿಲ್ಲು ಬಾಣ ಟಿವಿಯಿಂದ ಹೊರಗೆ ಬಂದ ಹಾಗೆಯೇ. ಮಕ್ಕಳಿಗೆ ಜಾಗ ಮತ್ತು ಜೊತೆ ಸಿಕ್ಕರೆ ಅವರು ಪರದೆಯನ್ನೂ ಆಟದ ಸಾಮಾನು ಮಾಡಿಕೊಳ್ಳುತ್ತಾರೆ. ಈ ನಿಯಮದಿಂದ ನಮ್ಮ ಹುಡುಗನಿಗೆ ಆದ ಲಾಭ ದೊಡ್ಡದು. ಔಟ್ ಅಂದರೆ ಮುಗಿಯಿತು ಅಂತ ಇರಲಿಲ್ಲ, ಯಾರೋ ಬಂದು ಎಬ್ಬಿಸುತ್ತಿದ್ದರು.

ಆದರೂ ಮೊದಮೊದಲು ಅವನು ನಡುವೆಯೇ ಅತ್ತು ಒಳಗೆ ಬರುತ್ತಿದ್ದ. ಆಗ ಮೊಬೈಲ್ ಕೊಟ್ಟು ಸಮಾಧಾನ ಮಾಡಬಾರದು, ಹೊರಗೆ ಹೋಗು ಎಂದು ದೂಡಲೂಬಾರದು ಎಂದು ಮಾತಾಗಿತ್ತು. ನೀರು ಕುಡಿದು, ಹೊಸ್ತಿಲ ಮೇಲೆ ಕೂತು, ಮತ್ತೆ ಹೋಗುತ್ತಿದ್ದ. ಹತ್ತು ವರ್ಷದವನನ್ನು ಸಣ್ಣವರ ಜೊತೆ ಲೆಕ್ಕಕ್ಕಿಲ್ಲ ಅಂತ ಇಟ್ಟರೆ ಅವಮಾನ. ಅದಕ್ಕೆ ದಾರಿ ಹುಡುಕಿದವಳು ಅಕ್ಕ. ಅವನನ್ನೂ ಇಬ್ಬರು ಚಿಕ್ಕವರನ್ನೂ ಕಲ್ಲು ಜೋಡಿಸುವವರು ಎಂದು ಮಾಡಿದಳು. ಅದು ಬೇಕಾದ ಕೆಲಸ, ಅವನ ಕೈ ಚುರುಕು. ಹಾಗೆ ಒಳಗೆ ಸೇರಿದ.

ಮನೆಯೊಳಗೆ ಮಾಡಿದ ಬದಲಾವಣೆ ಒಂದೇ. ಊಟದ ಹೊತ್ತಿಗೆ ಮತ್ತು ಐದೂವರೆಯಿಂದ ಏಳರ ತನಕ ಮನೆಯ ಎಲ್ಲ ಮೊಬೈಲ್‌ಗಳೂ ಅಡುಗೆಮನೆಯ ಮಾಡದಲ್ಲಿ. ಅಪ್ಪನದ್ದೂ ಕೂಡ. ಇದು ಅಪ್ಪನಿಗೇ ಹೆಚ್ಚು ಕಷ್ಟವಾಯಿತು. ಟ್ರಿಪ್‌ನಲ್ಲಿದ್ದಾಗ ಸಂಜೆ ವಿಡಿಯೋ ಕಾಲ್ ಮಾಡುವುದೇ ಅವರಿಗೆ ಮನೆ ಮುಟ್ಟಿದಂತೆ. ಅದನ್ನು ರಾತ್ರಿ ಊಟದ ನಂತರಕ್ಕೆ ಇಟ್ಟುಕೊಂಡರು. ಮಗ ಆ ದಿನದ ಲಗೋರಿ ಲೆಕ್ಕ ಹೇಳುತ್ತಾನೆ.

ಅಕ್ಕ

ಈ ಮನೆಗೆ ಹೋಗಿ ಬರುತ್ತಿದ್ದಾಗ ನನ್ನನ್ನು ಬಹಳ ಕಾಡಿದ್ದು ಈ ವಿಷಯ. ಹುಡುಗ ತಾಟು ಒಗೆದ, ಅದಕ್ಕೇ ಎಲ್ಲರೂ ಅವನ ಬಗ್ಗೆ ಮಾತಾಡಿದರು. ಅಕ್ಕ ಏನೂ ಒಗೆಯಲಿಲ್ಲ. ಅವಳು ಸಂಜೆ ಹೊರಗೆ ಬರುವುದು ಎರಡು ವರ್ಷದ ಹಿಂದೆಯೇ ನಿಂತಿತ್ತು. ದೊಡ್ಡವಳಾದಳು ಅಂತ ಯಾರೂ ಬಾಯಿಬಿಟ್ಟು ಬೇಡ ಅನ್ನಲಿಲ್ಲ. ಪಾತ್ರೆ, ತಮ್ಮನ ಹೋಂವರ್ಕ್, ಸೀರೆಗೆ ಕುಚ್ಚು ಕಟ್ಟುವುದು, ಹೀಗೆ ಒಂದೊಂದಾಗಿ ಕೆಲಸ ಬಂದು ಸಂಜೆ ತುಂಬಿಹೋಯಿತು. ಶಾಲೆಯಲ್ಲಿ ಅವಳು ಖೋಖೋ ತಂಡದಲ್ಲಿದ್ದಾಳೆ, ತಾಲ್ಲೂಕು ಮಟ್ಟಕ್ಕೂ ಹೋಗಿ ಬಂದಿದ್ದಾಳೆ. ಮನೆಯ ಮುಂದಿನ ರಸ್ತೆಯಲ್ಲಿ ಮಾತ್ರ ಓಡುವ ಹಾಗಿಲ್ಲ. ರಾತ್ರಿ ಅವ್ವನ ಮೊಬೈಲ್ ಅರ್ಧ ತಾಸು ಸಿಗುತ್ತದೆ. ಗೆಳತಿಯರ ಜೊತೆ ಮಾತು ಅಲ್ಲಿಯೇ. ಅವಳಿಗೆ ಆ ಪರದೆ ಒಂದೇ ಬಾಗಿಲು. ಅದನ್ನೂ ತಮ್ಮನ ಹಟದ ಕಾರಣಕ್ಕೆ ಮುಚ್ಚುವುದು ಸರಿ ಅಲ್ಲ ಎಂದು ನಾನು ಗಟ್ಟಿಯಾಗಿ ಹೇಳಿದೆ.

ಆಯಿ ಬಗಲಲ್ಲಿ ತಮ್ಮನನ್ನು ಎತ್ತಿಕೊಂಡು ಕುಂಟಾಟ ಆಡಿದರು. ಅವ್ವನ ಆಟ ಏಳನೇ ತರಗತಿಗೆ ಮುಗಿಯಿತು ಎಂದು ಅವರೇ ಹೇಳಿದರು. ಮಗಳದ್ದೂ ಹೆಚ್ಚು ಕಡಿಮೆ ಅಲ್ಲೇ ನಿಂತಿತ್ತು. ಗಂಡುಮಕ್ಕಳ ಆಟ ಹೊಳೆಯಿಂದ ಪ್ಲಾಟಿಗೆ, ಪ್ಲಾಟಿನಿಂದ ಮೊಬೈಲ್‌ಗೆ ಬದಲಾಗುತ್ತಾ ಬಂದಿದೆ. ಹೆಣ್ಣುಮಕ್ಕಳ ಆಟ ನಿಲ್ಲುವ ವಯಸ್ಸು ಮಾತ್ರ ಈ ಮನೆಯಲ್ಲಿ ಅಷ್ಟಾಗಿ ಬದಲಾಗಿಲ್ಲ.

ಅಕ್ಕನನ್ನು ಹೊರಗೆ ಕರೆದದ್ದು ಅಂಪೈರ್ ಅಂತ. ಸಣ್ಣ ಮಕ್ಕಳು ಜಗಳ ಆಡುತ್ತಾರೆ, ಒಬ್ಬರು ದೊಡ್ಡವರು ಬೇಕು ಎಂದು ಆಯಿಯೇ ಹೇಳಿದರು. ಮೊದಲು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಆಮೇಲೆ ರಸ್ತೆಗೆ ಇಳಿದಳು. ಒಂದು ದಿನ ಒಂದು ಕಡೆ ಜನ ಕಡಿಮೆ ಬಿದ್ದರು, ಆಡಿದಳು. ಖೋಖೋ ಆಡುವ ಹುಡುಗಿಯ ಓಟ ಕಂಡು ಉಳಿದ ಮಕ್ಕಳು ಅವಳನ್ನು ತಮ್ಮ ತಂಡಕ್ಕೆ ಎಂದು ಎಳೆದಾಡಿದರು. ಕುಚ್ಚು ಕಟ್ಟುವ ಕೆಲಸ ಏಳರ ನಂತರಕ್ಕೆ ಹೋಯಿತು. ಅದರಲ್ಲಿ ಅರ್ಧ ಈಗ ತಮ್ಮನ ಪಾಲಿಗೆ ಬರಬೇಕು ಎಂಬುದು ನನ್ನ ಒತ್ತಾಯ, ಅದಿನ್ನೂ ಆಗಿಲ್ಲ.

ಈಗ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ರಜೆಯ ಮಧ್ಯಾಹ್ನಗಳಲ್ಲಿ ಮೊಬೈಲ್ ಜೋರಾಗಿಯೇ ಮರಳಿ ಬಂತು. ಮುತ್ಯಾನ ಕಾಲದಲ್ಲೂ ಆ ಹೊತ್ತು ಯಾರೂ ಓಡುತ್ತಿರಲಿಲ್ಲವಲ್ಲ, ನೆರಳಲ್ಲಿ ಕೂತು ಆಡುತ್ತಿದ್ದರು. ಆಯಿ ಪಡಸಾಲೆಯ ನೆಲದ ಮೇಲೆ ಚಾಕ್‌ಪೀಸ್‌ನಿಂದ ಮನೆ ಬರೆದು ಕವಡಿ ಹಾಕಿದರು. ಅದು ಕೆಲವು ದಿನ ನಡೆಯಿತು, ಕೆಲವು ದಿನ ನಡೆಯಲಿಲ್ಲ. ಮೂರು ತಾಸು ಮೊಬೈಲ್ ನೋಡಿದ ದಿನವೂ ಐದೂವರೆಗೆ ಯಾರಾದರೂ ಬಂದು ಕರೆದರೆ ಎದ್ದು ಹೋಗುತ್ತಾನೆ ಎಂದು ಅವ್ವ ಹೇಳಿದರು. ನನ್ನ ಮಟ್ಟಿಗೆ ಮುಖ್ಯವಾದದ್ದು ಅದು. ತಾಟು ಒಗೆದದ್ದು ಅದೇ ಕೊನೆ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆಗೆ ತರಗತಿಗೆ ಎರೆಮಣ್ಣು ತರಿಸಿದೆ. ಐದನೇ ತರಗತಿಗೆ ಹೋಗಿದ್ದ ಅವನೂ ಬಿಡುವಿನಲ್ಲಿ ಬಂದು ಕೂತ. ಅವನ ಎತ್ತಿನ ಕೋಡು ಬಿದ್ದವು, ಮತ್ತೆ ಮಾಡಿದ.

ತೊಂದರೆಗಳು ಇನ್ನೂ ಇವೆ. ಮಕ್ಕಳು ಚೆಂಡು ಹುಡುಕುತ್ತಾ ಓಡುತ್ತಿದ್ದ ಕೊನೆಯ ಖಾಲಿ ಪ್ಲಾಟಿಗೆ ಈಗ ಪಾಯ ತೋಡಿದ್ದಾರೆ. ಇನ್ನು ರಸ್ತೆಯೊಂದೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಬಯಲು ಇರಬೇಕು ಎನ್ನುತ್ತದೆ. ಆಡುವುದು ಮಗುವಿನ ಹಕ್ಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿದೆ, ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಮುಳ್ಳುಗಂಟಿ ಬೆಳೆದಿದೆ. ಅದನ್ನು ಸ್ವಚ್ಛ ಮಾಡಿಸಿ, ಒಂದು ಲೈಟ್ ಹಾಕಿಸಿ, ಹುಡುಗಿಯರೂ ಸಂಜೆ ಆಡುವ ಹಾಗೆ ಮಾಡಿಕೊಡಿ ಎಂದು ಆ ಸಾಲಿನ ಮನೆಯವರು ಅರ್ಜಿ ಬರೆದಿದ್ದಾರೆ. ಅರ್ಜಿಯನ್ನು ಬರೆದವಳು ಅಕ್ಕ. ಮೊದಲ ಸಹಿ ಆಯಿಯದು. ವಾರ್ಡಿನ ಸದಸ್ಯರಿಗೆ ಒಂದು ಪ್ರತಿ ಮುಟ್ಟಿದೆ, ಮುಂದಿನ ವಾರ ಕಚೇರಿಗೆ ಹೋಗಿ ಕೇಳಬೇಕು. ಹುಡುಗನ ಕಣ್ಣನ್ನು ದೀಪಾವಳಿ ರಜೆಯಲ್ಲಿ ಮತ್ತೆ ತೋರಿಸಲು ಡಾಕ್ಟರ್ ಹೇಳಿದ್ದಾರೆ.